ಆನೆ ತೊಳೆದರು, ಮುಖ?

1968ರ ‘ದಿ ಪಾರ್ಟಿ’ ನೋಡಿ ನಗದೇ ಇರೋದು ಕಷ್ಟ. ಶೂಟಿಂಗ್ ಸೆಟ್ಟನ್ನೇ ಉಡಾಯಿಸಿಬಿಟ್ಟ ಭಾರತೀಯ ನಟ ಹೃಂದಿ ಬಕ್ಷಿಯನ್ನು ಹಾಲಿವುಡ್‌ನಿಂದ ಓಡಿಸಬೇಕು ಅಂತ ಬರೆದಿಟ್ಟ ಹೆಸರು, ಅಪ್ಪಿತಪ್ಪಿ ಸ್ಟುಡಿಯೋ ಮುಖ್ಯಸ್ಥನ ಮನೆಯ ಅತಿಥಿಗಳ ಪಟ್ಟಿ ಸೇರುತ್ತದೆ. ಅಲ್ಲಿಂದ ಶುರು: ನೀರಲ್ಲಿ ತೇಲಿಹೋಗುವ ಬೂಟು, ಅತಿಥಿಯೊಬ್ಬಳ ಕಿರೀಟಕ್ಕೆ ಹಾರಿ ಕೂರುವ ಕೋಳಿ, ಮುಗಿಯದ ಟಾಯ್ಲೆಟ್ ಪೇಪರು.

ಆದರೆ ಬಕ್ಷಿ ಆಗಿರೋದು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟ ಪೀಟರ್ ಸೆಲ್ಲರ್ಸ್. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಗೇಲಿ ಮಾಡಿದ್ದು ಹಾಲಿವುಡ್ಡನ್ನೇ ಅನ್ನೋ ವಾದವನ್ನು ಅರ್ಧ ಒಪ್ತೀನಿ. ಆ ಮನೆಯಲ್ಲಿ ಮನುಷ್ಯನ ಹಾಗೆ ನಡೆದುಕೊಳ್ಳೋರಲ್ಲಿ ಬಕ್ಷಿ ಒಬ್ಬ.

ಕೊನೆಗೆ ಆತಿಥೇಯರ ಮಗಳು, ಅವಳ ಗೆಳೆಯರು ಮೈತುಂಬ ಘೋಷಣೆ ಬರೆದ ಆನೆಮರಿಯನ್ನು ತರ್ತಾರೆ. ರಾತ್ರಿಯಿಡೀ ಸಾರಿ ಕೇಳ್ಕೊಂಡು ಓಡಾಡಿದ ಬಕ್ಷಿ ಇಲ್ಲಿ ಮಾತ್ರ ಬಗ್ಗಲ್ಲ. ಇದು ಆನೆಗೆ ಅವಮಾನ, ತೊಳೀರಿ ಅಂತಾನೆ. ತೊಳೆಯೋಕೆ ಹೋಗಿ ಮನೆಯೆಲ್ಲ ನೊರೆ.

ಬಣ್ಣ ಬಳಿಯೋದು ಅವಮಾನ ಅಂತ ಹೇಳುತ್ತಿರುವ ಮುಖಕ್ಕೇ ಬಣ್ಣ ಬಳಿದಿದೆ! ಸಿನಿಮಾ ಮಾಡಿದವರಿಗೆ ಆನೆಯ ಮರ್ಯಾದೆ ಕಂಡಿತು, ಇದು ಕಾಣಲಿಲ್ಲ.

ಹಾಗಾದ್ರೆ ನಗಬಾರದಾ? ನನ್ನದೊಂದು ಸಣ್ಣ ಪರೀಕ್ಷೆ ಇದೆ. ಜೋಕ್‌ನಿಂದ ಆ ಬಣ್ಣ, ಆ ಉಚ್ಚಾರಣೆ ತೆಗೆದ ಮೇಲೂ ನಗು ಉಳಿಯುತ್ತಾ? ಬೂಟಿನ ದೃಶ್ಯ ಪಾಸು. ಬೂಟು ಕಳೆದುಕೊಂಡವನು ಯಾವ ಊರಿನವನಾದರೂ ಪಾಡು ಒಂದೇ. ಗಿಳಿಗೆ ಕಾಳು ಹಾಕುತ್ತಾ ತೊದಲುವ ದೃಶ್ಯಕ್ಕೆ ಉಚ್ಚಾರಣೆ ಬಿಟ್ಟರೆ ಗತಿಯಿಲ್ಲ. ಆಫೀಸಿನ ಲಂಚ್ ಟೇಬಲ್ಲಲ್ಲಿ ನಾವು ಮಾಡೋ ಮಿಮಿಕ್ರಿಗಳಲ್ಲಿ ಎಷ್ಟು ಪಾಸಾಗುತ್ತವೋ, ಲೆಕ್ಕ ಹಾಕಿ ನೋಡಿ.