ಕೆಂಪು, ಕಪ್ಪು

ಜಾದೂ ಮಾಡುವವನು ಸುಳ್ಳುಗಾರನೆ? ಈ ಪ್ರಶ್ನೆಗೆ ಬಹಳ ಕಾಲ ನನ್ನಲ್ಲಿ ಒಂದು ಸಿದ್ಧ ಉತ್ತರವಿತ್ತು. ಮೋಸ ಮಾಡುತ್ತೇನೆಂದು ಮೊದಲೇ ಹೇಳಿ ಮೋಸ ಮಾಡುವವನು ಜಾದೂಗಾರನೊಬ್ಬನೇ. ಹಾಗಾಗಿ ಅವನಷ್ಟು ಪ್ರಾಮಾಣಿಕ ಇನ್ನೊಬ್ಬನಿಲ್ಲ ಎನ್ನುತ್ತಿದ್ದೆ. ಜಾತ್ರೆಯಲ್ಲಿ ಮೂರೆಲೆ ಹಾಕಿ, ರಾಣಿ ಎಲ್ಲಿದೆ ಎಂದು ಕೇಳಿ ದುಡ್ಡು ಕೀಳುವವನಿಗೂ, ಮದುವೆಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎಲೆ ಮಾಯ ಮಾಡುವ ನನಗೂ ಕೈಚಳಕ ಒಂದೇ ಇರಬಹುದು. ಆದರೆ ನನ್ನಿಂದ ಯಾರ ಗಂಟೂ ಹೋಗುವುದಿಲ್ಲವಲ್ಲ! ಈ ಸಮಾಧಾನ ಒಂದು ದಿನ ಕದಡಿಹೋಯಿತು. ಕಾರಣವಾದದ್ದು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಆಟವೇ.

ಇಸ್ಪೀಟೆಲೆಯ ಜಾದೂಗಳಲ್ಲಿ ಅದಕ್ಕೆ ದೊಡ್ಡ ಹೆಸರು. ‘ಔಟ್ ಆಫ್ ದಿಸ್ ವರ್ಲ್ಡ್’ ಎಂದು ಕರೆಯುತ್ತಾರೆ. ಈ ಲೋಕದ್ದಲ್ಲ ಎಂದು ಅರ್ಥ. 1942ರಲ್ಲಿ ಅದನ್ನು ರೂಪಿಸಿದವನು ಅಮೆರಿಕದ ಪಾಲ್ ಕರಿ. ಜಾದೂ ಅವನ ಕಸುಬಲ್ಲ, ಹವ್ಯಾಸ. ತುಂಡುಗಳ ಜಾಗ ಬದಲಿಸಿದರೆ ಒಂದು ಚೌಕ ಕಾಣೆಯಾದಂತೆ ತೋರುವ ತ್ರಿಕೋನದ ಒಗಟೊಂದಿದೆ. ಅದೂ ಅವನ ಹೆಸರಿನಲ್ಲೇ ಪ್ರಸಿದ್ಧ.

ಆಟ ಹೀಗೆ. ಮೇಜಿನ ಮೇಲೆ ಒಂದು ಕೆಂಪೆಲೆ, ಒಂದು ಕಪ್ಪೆಲೆ ಮುಖ ಮೇಲಾಗಿ ಇಡುತ್ತಾರೆ. ಉಳಿದ ಕಟ್ಟನ್ನು ನೋಡುವವರ ಕೈಗೆ ಕೊಟ್ಟು, ತಿರುಗಿಸಿ ನೋಡದೆ, ಮನಸ್ಸಿಗೆ ಕೆಂಪು ಅನ್ನಿಸಿದ್ದನ್ನು ಇತ್ತ, ಕಪ್ಪು ಅನ್ನಿಸಿದ್ದನ್ನು ಅತ್ತ ಹಾಕುತ್ತ ಹೋಗಿ ಎನ್ನುತ್ತಾರೆ. ಕೊನೆಗೆ ಮಗುಚಿದರೆ ಒಂದು ಕಡೆ ಬರೀ ಕೆಂಪು, ಇನ್ನೊಂದು ಕಡೆ ಬರೀ ಕಪ್ಪು. 52 ಎಲೆಗಳನ್ನು ನೋಡದೆ 26ರ ಎರಡು ಪಾಲು ಮಾಡಿದಾಗ ಬಣ್ಣಗಳು ತಾವಾಗಿಯೇ ಹೀಗೆ ಬೇರೆಯಾಗುವ ಸಂಭವ ಸುಮಾರು 496 ಲಕ್ಷ ಕೋಟಿಯಲ್ಲಿ ಒಂದು.

ಆ ಕಾಲವೂ ಇಂಥ ಆಟಕ್ಕೆ ಹದವಾಗಿತ್ತು. ಡ್ಯೂಕ್ ವಿಶ್ವವಿದ್ಯಾಲಯದ ಜೆ. ಬಿ. ರೈನ್ 1934ರಲ್ಲಿ ಅತೀಂದ್ರಿಯ ಗ್ರಹಣದ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ವೃತ್ತ, ನಕ್ಷತ್ರ, ಅಲೆಗೆರೆ ಮೊದಲಾದ ಐದು ಗುರುತುಗಳ 25 ಎಲೆಗಳನ್ನು ಜನರಿಂದ ಊಹಿಸಿಸಿ, ಕೆಲವರಿಗೆ ಕಾಣದ್ದು ತಿಳಿಯುತ್ತದೆ ಎಂದು ವಾದಿಸಿದ್ದರು. ಬೇರೆಯವರು ಬಿಗಿ ಎಚ್ಚರದಿಂದ ಪರೀಕ್ಷಿಸಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಆದರೆ ಆಸೆ ನಿಂತಿತು. ನಮ್ಮೊಳಗೆ ಎಲ್ಲವನ್ನೂ ಬಲ್ಲ ಒಂದು ಕಣ್ಣಿದೆ ಎಂದು ಕೇಳಲು ಯಾರಿಗೆ ಇಷ್ಟವಿಲ್ಲ? ಕರಿಯ ಆಟ ಹೇಳುವುದು ಅದನ್ನೇ. ಬೇರೆ ಆಟಗಳಲ್ಲಿ ಜಾದೂಗಾರ ದೊಡ್ಡವನಾಗುತ್ತಾನೆ. ಇಲ್ಲಿ ಅವನು ಪಕ್ಕಕ್ಕೆ ಸರಿದು ಹಿರಿಮೆಯನ್ನೆಲ್ಲ ಎದುರಿನವರಿಗೆ ಬಿಟ್ಟುಕೊಡುತ್ತಾನೆ. ಅದನ್ನು ನಾನು ಔದಾರ್ಯವೆಂದೇ ತಿಳಿದಿದ್ದೆ.

ನಮ್ಮ ದೊಡ್ಡಮ್ಮನ ಮಗಳು ನಮಗೆಲ್ಲ ದೊಡ್ಡಕ್ಕ. ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಂದು ಮಳೆಯ ಸಂಜೆ ಸ್ಕೂಟರಿನಲ್ಲಿ ಪೇಟೆಗೆ ಹೋದವರು ಜೀವಂತ ಮರಳಲಿಲ್ಲ. ಅಕ್ಕನ ಮನಸ್ಸು ಒಂದಿಷ್ಟು ಹಗುರಾಗಲಿ ಎಂದು ಅವಳ ಕೈಗೆ ಎಲೆ ಕೊಟ್ಟೆ. ಕೊನೆಗೆ ಸಾಲು ಮಗುಚಿದಾಗ ಅವಳು ಬೆರಗಾಗಿ, “ಒಂದೂ ತಪ್ಪಿಲ್ಲವಲ್ಲೋ!” ಎಂದಳು.

“ನಾನೇನು ಮಾಡಿದೆ ಅಕ್ಕ? ಎಲೆ ನಿನ್ನ ಕೈಯಲ್ಲೇ ಇತ್ತು. ನಿನ್ನ ಮನಸ್ಸಿಗೆ ಗೊತ್ತಿತ್ತು” ಎಂದೆ. ಎಷ್ಟೋ ಮನೆಗಳಲ್ಲಿ ಆಡಿದ ಮಾತು. ಅಕ್ಕ ಅಂದು ನಕ್ಕಳು. ನನಗೆ ಅಷ್ಟೇ ಬೇಕಾಗಿತ್ತು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು: “ಅವತ್ತು ಅವರು ಸ್ಕೂಟರ್ ತೆಗೆಯುವಾಗ ಯಾಕೋ ಬೇಡ ಅನ್ನಿಸಿತ್ತು ಕಣೋ. ಮೋಡ ಕಟ್ಟಿತ್ತಲ್ಲ, ಅದಕ್ಕೇ ಹಾಗನ್ನಿಸಿತು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಗೊತ್ತಾಯ್ತು. ನನ್ನ ಮನಸ್ಸು ಸರಿಯಾಗೇ ಹೇಳಿತ್ತು. ನಾನೇ ತಡೀಲಿಲ್ಲ.”

ನನ್ನ ಕೈಕಾಲು ತಣ್ಣಗಾದವು. “ಅಕ್ಕ, ಅದು ಬರೀ ಕೈಚಳಕ” ಎಂದೆ. “ನನ್ನ ಸಮಾಧಾನಕ್ಕೆ ಹೇಳ್ತೀಯ. ಎಲೆ ನನ್ನ ಕೈಯಲ್ಲೇ ಇತ್ತಲ್ಲ” ಎಂದಳು. ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟಿದ್ದಳು.

ಗುಟ್ಟು ಒಡೆಯಬಾರದೆಂಬುದು ಜಾದೂ ಕಲಿತವರ ಮೊದಲ ಕಟ್ಟಳೆ. ಅದನ್ನು ನಾನು ಅಂದು ಮುರಿದೆ. ಎಲೆ ತರಿಸಿ ಒಂದೊಂದಾಗಿ ತೋರಿಸಿಕೊಟ್ಟೆ. ಎರಡು ಸಲ ನೋಡಿ, ಮೂರನೆಯ ಸಲ ಅವಳೇ ನನಗೆ ಮಾಡಿ ತೋರಿಸಿದಳು. “ಇಷ್ಟೇನಾ?” ಎಂದಳು. ಆ ಮಾತಿನಲ್ಲಿ ಬಿಡುಗಡೆಯೂ ಇತ್ತು, ಏನನ್ನೋ ಕಳೆದುಕೊಂಡ ಬೇಸರವೂ ಇತ್ತು. ಸ್ವಲ್ಪ ಹೊತ್ತಾದ ಮೇಲೆ, “ಹಾಗಾದ್ರೆ ಅವತ್ತು ನನಗೇನೂ ಗೊತ್ತಿರಲಿಲ್ಲ” ಎಂದಳು.

“ಯಾರಿಗೂ ಗೊತ್ತಿರಲಿಲ್ಲ ಅಕ್ಕ.”

ಈ ಸಂಗತಿ ಕೇಳಿದ ಗೆಳೆಯನೊಬ್ಬ, ತಾನೂ ಜಾದೂ ಬಲ್ಲವನು, ಒಪ್ಪಲಿಲ್ಲ. “ಕೇಳಿದವರು ಏನೇನೋ ಅರ್ಥ ಮಾಡಿಕೊಂಡರೆ ಅದಕ್ಕೆ ನೀನು ಹೊಣೆಯೆ? ಹೀಗೆ ಹೆದರಿದರೆ ಕಥೆಯನ್ನೂ ಹೇಳುವಂತಿಲ್ಲ” ಎಂದ. ಅವನ ಮಾತಿನಲ್ಲಿ ಹುರುಳಿದೆ. ಆ ಆಟ ಕಂಡು ನಕ್ಕು ಮರೆತವರೇ ಹೆಚ್ಚು. ಅಕ್ಕನ ಕೊರಗನ್ನು ನಾನು ಹುಟ್ಟಿಸಲಿಲ್ಲ, ಅದು ಅಲ್ಲೇ ಇತ್ತು ಎನ್ನುವುದೂ ನಿಜ. ಆದರೆ ಅದಕ್ಕೆ ಸಾಕ್ಷಿ ಒದಗಿಸಿದವನು ನಾನು. ಎಲೆ ಮಾಯವಾಯಿತು ಎಂಬ ಸುಳ್ಳು ಮೇಜಿನ ಮೇಲೇ ಉಳಿಯುತ್ತದೆ. ಕಟ್ಟನ್ನು ಡಬ್ಬಿಗೆ ಹಾಕಿದಾಗ ಅದೂ ಮುಗಿಯಿತು. ಒಬ್ಬರ ಬಗ್ಗೆ ಅವರಿಗೇ ಹೇಳಿದ ಸುಳ್ಳು ಅವರ ಜೊತೆ ಮನೆಗೆ ಹೋಗುತ್ತದೆ. ಅದು ಹೊಗಳಿಕೆಯಾಗಿದ್ದರೆ ಇನ್ನೂ ಭದ್ರವಾಗಿ ಕೂರುತ್ತದೆ. ಅಲ್ಲಿ ಅದಕ್ಕೆ ಯಾವ ಗಾಯ ಸಿಗುತ್ತದೋ ಹೇಳುವವನಿಗೆ ತಿಳಿಯದು. ಮೋಸವೆಂದು ಮೊದಲೇ ಹೇಳಿದ್ದೇನಲ್ಲ ಎಂಬ ನನ್ನ ಹಳೆಯ ಉತ್ತರ ಇಲ್ಲಿ ಸಾಲದು. ಎಲ್ಲಿಯವರೆಗೆ ಮೋಸ ಎಂಬುದನ್ನೂ ಹೇಳಬೇಕು.

ಆಟವನ್ನು ನಾನು ಬಿಟ್ಟಿಲ್ಲ. ಅಷ್ಟು ಚೆಲುವಾದದ್ದನ್ನು ಬಿಡಲು ಮನಸ್ಸು ಬಾರದು. ಗುಟ್ಟನ್ನೂ ಎಲ್ಲರಿಗೆ ಬಿಚ್ಚುವುದಿಲ್ಲ. ಆದರೆ “ನಿಮ್ಮ ಮನಸ್ಸಿಗೆ ಗೊತ್ತಿತ್ತು” ಎಂಬ ಮಾತು ನಿಂತುಹೋಗಿದೆ. ಇದು ನನ್ನ ಕೈಚಳಕ, ನಿಮ್ಮ ಶಕ್ತಿಯಲ್ಲ ಎಂದು ಕೊನೆಗೆ ಹೇಳುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. “ಇಲ್ಲ ಸಾರ್, ನನಗೆ ನಿಜವಾಗಿ ಕೆಂಪು ಅಂತಲೇ ಅನ್ನಿಸಿತು” ಎಂದು ವಾದಕ್ಕೆ ನಿಲ್ಲುವವರೂ ಇದ್ದಾರೆ. ಅನ್ನಿಸಿರಬಹುದು, ಎಲೆ ಬೇರೆಯಾದದ್ದು ಮಾತ್ರ ಅದರಿಂದಲ್ಲ ಎಂದು ಹೇಳಿ ಕಟ್ಟನ್ನು ಕಲಸಿ ಎತ್ತಿಡುತ್ತೇನೆ.