ಮೇಳಗಾನದ ಧರ್ಮ

ಗಾನದಲ್ಲಿ ಎರಡು ಬಗೆಯುಂಟು. ಒಬ್ಬನು ಹಾಡಿ ಉಳಿದವರು ಕೇಳುವದು ಒಂದು. ಎಲ್ಲರೂ ಕೂಡಿ ಹಾಡುವದು ಇನ್ನೊಂದು. ಮೊದಲನೆಯದರಲ್ಲಿ ಯೋಗ್ಯತೆಯ ಪ್ರಶ್ನೆಯು ಸುಲಭವಾಗಿ ಬಗೆಹರಿಯುವದು: ಹಾಡಬಲ್ಲವನು ಮೇಲೆ ಕೂಡುವನು, ಹಾಡಲಾರದವನು ಕೆಳಗೆ ಕುಳಿತು ತಲೆದೂಗುವನು. ಎರಡನೆಯದರಲ್ಲಿ ಅಷ್ಟು ಸುಲಭವಿಲ್ಲ. ಕಂಠದಲ್ಲಿ ಶ್ರುತಿಯಿಲ್ಲದ, ಆದರೆ ಹಾಡಬೇಕೆಂಬ ಹಂಬಲವುಳ್ಳ ಒಬ್ಬನು ಮೇಳದ ಜಮಖಾನೆಯ ತುದಿಗೆ ಬಂದು ಕುಳಿತರೆ, ಅವನನ್ನು ಕೂಡಿಸಿಕೊಳ್ಳುವದು ಧರ್ಮವೋ, ಎಬ್ಬಿಸಿ ಕಳಿಸುವದು ಧರ್ಮವೋ? ಕೂಡಿಸಿಕೊಂಡರೆ ಹಾಡಿಗೆ ಕೇಡು. ಎಬ್ಬಿಸಿದರೆ ಮನುಷ್ಯನಿಗೆ ನೋವು. ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ಸಂಘವೆಂಬುದು ಎಲ್ಲೆಲ್ಲಿ ಇರುವದೋ ಅಲ್ಲೆಲ್ಲ ಇದೇ ಪ್ರಶ್ನೆಯು ಬೇರೆ ಬೇರೆ ವೇಷದಿಂದ ಬಂದು ನಿಲ್ಲುವದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯು ಮರುಭೂಮಿಯಲ್ಲವಾದರೂ ಮುಗಿಲನ್ನೇ ನಂಬಿದ ನಾಡು. ವರುಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲ್ಲಿಮೀಟರು. ಅದೂ ಬರಬೇಕಾದ ಹೊತ್ತಿಗೆ ಬಾರದು. ಉತ್ತರದಲ್ಲಿ ಭೀಮೆಯೂ ದಕ್ಷಿಣದಲ್ಲಿ ಕೃಷ್ಣೆಯೂ ಹರಿದರೂ ನಡುವಿನ ಎರೆಯ ನೆಲವು ಶತಮಾನಗಳ ಕಾಲ ಅವುಗಳ ನೀರನ್ನು ಕಾಣಲಿಲ್ಲ. 1876ರಿಂದ 1878ರ ವರೆಗಿನ ಮಹಾಕ್ಷಾಮವು ಇಲ್ಲಿಯ ಊರುಗಳನ್ನು ಬರಿದುಮಾಡಿತು. ಇಂಥ ನಾಡಿನ ಹಳ್ಳಿಗಳಲ್ಲಿ ಭಜನೆಯ ಮೇಳಗಳು ಇಂದಿಗೂ ಕೂಡುತ್ತವೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಉಂಡು ಗುಡಿಯ ಕಟ್ಟೆಗೆ ಬರುವರು. ಪೇಟಿ, ತಬಲ, ದಿಮ್ಮಡಿ, ಏಕತಾರಿ, ತಾಳ—ಇವಿಷ್ಟು ಸಾಮಗ್ರಿ. ಮುಂದಾಳು ಒಂದು ಸೊಲ್ಲನ್ನು ಎತ್ತಿಕೊಡುವನು, ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುವರು. ಶರಣರ ವಚನ, ದಾಸರ ಪದ, ಶಿಶುನಾಳ ಶರೀಫರ ತತ್ತ್ವಪದ, ಎಲ್ಲವೂ ಒಂದೇ ರಾತ್ರಿಯಲ್ಲಿ ಬಂದು ಹೋಗುವವು. ಇಂಥ ಮೇಳದ ತುದಿಯಲ್ಲಿಯೇ ಮೇಲೆ ಹೇಳಿದ ಬೇಸೂರಿನವನು ಕುಳಿತಿರುವನು.

ಅವನನ್ನು ಎಬ್ಬಿಸಬೇಕೆನ್ನುವವರ ಪಕ್ಷವನ್ನು ಮೊದಲು ನೋಡತಕ್ಕದ್ದು. ಕಲೆಯು ಬಲ್ಲವರ ಸೊತ್ತು. ಅದನ್ನು ಎಲ್ಲರ ಕೈಗೆ ಕೊಟ್ಟರೆ ಅದು ಕೆಡುವದು ಎಂಬುದು ಅವರ ವಾದ. ಈ ವಾದಕ್ಕೆ ಇದೇ ಜಿಲ್ಲೆಯಲ್ಲಿ ದೊಡ್ಡದೊಂದು ನಿದರ್ಶನವುಂಟು. 1580ರಿಂದ 1627ರ ವರೆಗೆ ಬಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಮ ಆದಿಲಶಾಹನು ತಾನೇ ಗಾಯಕನೂ ಪದಕರ್ತನೂ ಆಗಿದ್ದನು. ದಖ್ಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಗ್ರಂಥವನ್ನು ರಚಿಸಿದನು. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಮುದ್ದಿಸಿದನು. 1599ರಲ್ಲಿ ರಾಜಧಾನಿಯ ಪಶ್ಚಿಮಕ್ಕೆ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನೇ ಕಟ್ಟಿಸಲು ಆರಂಭಿಸಿದನು. ಒಣನೆಲದ ನಡುವೆ ಸಂಗೀತದ ಹೆಸರಿನಲ್ಲಿ ಒಂದು ಪಟ್ಟಣವೇಳುವದು ಸಾಮಾನ್ಯ ಸಂಗತಿಯಲ್ಲ. 1624ರಲ್ಲಿ ಮಲಿಕ ಅಂಬರನ ಸೈನ್ಯವು ಅದನ್ನು ಹಾಳುಮಾಡಿತು. ಈಗ ತೊರವಿಯಲ್ಲಿ ಸಂಗೀತ ಮಹಲಿನ ಮುರಿದ ಕಮಾನುಗಳು ಮಾತ್ರ ನಿಂತಿವೆ.

ಈ ಹಾಳನ್ನು ತೋರಿಸಿ, ಅರಸರ ಗಾನವು ಅಳಿಯಿತು, ಜನರ ಗಾನವು ಉಳಿಯಿತು ಎಂದು ನೀತಿ ಹೇಳುವದು ಸುಲಭ. ಆದರೆ ಅದು ನ್ಯಾಯವಲ್ಲ. ನವರಸಪುರವನ್ನು ಕೆಡವಿದ್ದು ಯುದ್ಧವೇ ಹೊರತು ಅಲ್ಲಿಯ ಗಾಯಕರ ಪಾಂಡಿತ್ಯವಲ್ಲ. ಬಲ್ಲವರು ಒಂದು ಸ್ವರಕ್ಕಾಗಿ ವರುಷಗಟ್ಟಲೆ ಸಾಧನೆ ಮಾಡದಿದ್ದರೆ ಹಳ್ಳಿಯ ಮೇಳಕ್ಕೂ ಹಾಡಲು ರಾಗಗಳಿರುತ್ತಿರಲಿಲ್ಲ. ಆದ್ದರಿಂದ ಉತ್ತಮತೆಯನ್ನು ಬೇಡುವವನು ಜನದ್ವೇಷಿಯೆಂದು ತಿಳಿಯಲಾಗದು. ಅವನ ಮಾತಿನಲ್ಲಿ ಸತ್ಯವಿದೆ. ಅದು ಪೂರ್ಣಸತ್ಯವೋ ಎಂಬುದನ್ನು ಮಾತ್ರ ವಿಚಾರಿಸಬೇಕು.

ಪೇಟಿಯ ಕಥೆಯು ಇಲ್ಲಿ ಉಪಯುಕ್ತವಾದದ್ದು. ಹಾರ್ಮೋನಿಯಮ್ಮಿನಲ್ಲಿ ಮೀಂಡವಿಲ್ಲ, ಶ್ರುತಿಗಳ ಸೂಕ್ಷ್ಮ ಭೇದವಿಲ್ಲ ಎಂದು ಪಂಡಿತರು ಆಕ್ಷೇಪಿಸಿದರು. ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತು. ಆ ನಿಷೇಧವು 1971ರ ವರೆಗೆ ನಡೆಯಿತು. ಪಂಡಿತರ ಆಕ್ಷೇಪವು ಸುಳ್ಳಲ್ಲ. ಆದರೆ ಅದೇ ಮೂವತ್ತು ವರುಷ ಹಳ್ಳಿಯ ಗುಡಿಗಳಲ್ಲಿ ಪೇಟಿಯು ನಿಲ್ಲಲಿಲ್ಲ. ತಂಬೂರಿಯ ಶ್ರುತಿಯನ್ನು ಹಿಡಿಯಲು ಪಳಗಿದ ಕಿವಿ ಬೇಕು. ಪೇಟಿಯು ಪಳಗದ ಕಿವಿಗೂ ದಾರಿ ತೋರುವದು. ಮನೆಯ ಸೂರ್ಯನಂಥ ದೀಪವಲ್ಲದಿದ್ದರೂ ಓಣಿಯ ಕಂದೀಲವೂ ದೀಪವೇ. ಒಬ್ಬನ ಗಾನಕ್ಕೆ ಕೊರತೆಯಾದದ್ದು ಹಲವರ ಗಾನಕ್ಕೆ ಊರುಗೋಲಾಗಬಹುದೆಂಬುದು ಇದರಿಂದ ತಿಳಿಯುವದು.

ಇನ್ನು ಎಲ್ಲರನ್ನೂ ಕೂಡಿಸಬೇಕೆನ್ನುವವರ ಪಕ್ಷ. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಅವರ ಸಂಗಡಿಗರೂ, ಹಳ್ಳಿಯ ಹೆಂಗಸರ ತ್ರಿಪದಿಗಳನ್ನು ಕೂಡಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಬೀಸುವ ಕಲ್ಲಿನ ಮುಂದೆ ಬೆಳಗಿನ ಜಾವದಲ್ಲಿ ಹಾಡಿದ ಆ ಹಾಡುಗಳನ್ನು ಹುಟ್ಟಿಸಿದವರ ಕಂಠವನ್ನು ಯಾರೂ ಪರೀಕ್ಷಿಸಿರಲಿಲ್ಲ. ಹಾಡಲು ಯೋಗ್ಯತೆ ಬೇಕೆಂದು ಯಾರಾದರೂ ಬಾಗಿಲಲ್ಲಿ ನಿಂತಿದ್ದರೆ ಕನ್ನಡಕ್ಕೆ ಆ ಸಂಪತ್ತು ದೊರೆಯುತ್ತಿರಲಿಲ್ಲ. ಇದೂ ಸತ್ಯವೇ. ಆದರೂ ಬೀಸುವ ಕಲ್ಲಿನ ಹಾಡಿಗೂ ಮೇಳದ ಹಾಡಿಗೂ ಒಂದು ಭೇದವುಂಟು. ಕಲ್ಲಿನ ಮುಂದೆ ಕುಳಿತವರಿಬ್ಬರನ್ನು ಕಲ್ಲೇ ಒಂದು ಲಯಕ್ಕೆ ಕಟ್ಟಿಹಾಕುವದು. ಒಬ್ಬಳು ಮುಂದೆ ಓಡಲಾರಳು, ಒಬ್ಬಳು ಹಿಂದೆ ಉಳಿಯಲಾರಳು. ಮೇಳದಲ್ಲಿ ಹಾಗೆ ಕಟ್ಟಿಹಾಕುವ ಕಲ್ಲಿಲ್ಲ. ಅಲ್ಲಿ ಪ್ರತಿಯೊಬ್ಬನೂ ತನ್ನನ್ನು ತಾನೇ ಕಟ್ಟಿಕೊಳ್ಳಬೇಕು. ಎಲ್ಲರಿಗೂ ಎಲ್ಲ ರೀತಿಯಲ್ಲಿಯೂ ಹಾಡಲು ಬಿಟ್ಟರೆ ಅಲ್ಲಿ ಗದ್ದಲವಿರುವದಲ್ಲದೆ ಮೇಳವಿರುವದಿಲ್ಲ. ಆಗ ಕೂಡಿಸಿಕೊಂಡವನಿಗೂ ಕೂಡಿದ ಫಲವು ದೊರೆಯಲಾರದು.

ಹಾಗಾದರೆ ನಿರ್ಣಯವೇನು? ಬೇಸೂರೆಂಬುದರಲ್ಲಿಯೇ ಎರಡು ಬಗೆಯಿರುವದನ್ನು ಗುರುತಿಸಿದರೆ ತೊಡಕು ಬಿಚ್ಚುವದು. ಒಂದು ಕಂಠದ ದೋಷ. ಇನ್ನೊಂದು ಕಿವಿಯ ದೋಷ. ಕಂಠದ ದೋಷವುಳ್ಳವನು ಸ್ವರವನ್ನು ಮುಟ್ಟಬಯಸಿದರೂ ಮುಟ್ಟಲಾರನು. ಅವನು ನೆರೆಯವನನ್ನು ಆಲಿಸುವವನಾದರೆ ತನ್ನ ಧ್ವನಿಯನ್ನು ತಾನೇ ತಗ್ಗಿಸುವನು, ತಾಳವನ್ನು ಬಿಡದೆ ಹಿಡಿಯುವನು. ಹಲವು ಕಂಠಗಳು ಕೂಡಿದಲ್ಲಿ ಒಬ್ಬನು ಕೂದಲೆಳೆಯಷ್ಟು ಮೇಲಾದರೆ ಇನ್ನೊಬ್ಬನು ಅಷ್ಟೇ ಕೆಳಗಾಗುವನು. ಕೇಳುವವನ ಕಿವಿಯು ಅವೆಲ್ಲವನ್ನು ಕೂಡಿಸಿ ಒಂದೇ ಸ್ವರವೆಂದು ಗ್ರಹಿಸುವದು. ಸಣ್ಣ ತಪ್ಪುಗಳನ್ನು ಮೇಳವು ತಾನೇ ನುಂಗಿಕೊಳ್ಳುವದು. ಆದರೆ ಕಿವಿಯ ದೋಷವುಳ್ಳವನು ಬೇರೆಯವರನ್ನು ಕೇಳಲೊಲ್ಲನು. ಅವನ ಕಂಠವು ಜೇನಿನಂತಿರಬಹುದು. ಆದರೂ ಎಲ್ಲರಿಗಿಂತ ಮೇಲೆ ತನ್ನದೇ ಕೇಳಿಸಬೇಕೆಂಬ ಹಟದಿಂದ ಅವನು ಮೇಳವನ್ನು ಒಡೆಯುವನು. ಶಾಸ್ತ್ರದಂತೆ ಸರಿಯಾಗಿ ಹಾಡಿದರೂ ಮೇಳದಲ್ಲಿ ಬೇಸೂರಿನವನು ಅವನೇ. ಆದುದರಿಂದ ಹಾಡುವ ಬಲಕ್ಕಿಂತ ಕೇಳುವ ಸಂಯಮವೇ ಮೇಳಕ್ಕೆ ಪ್ರವೇಶದ ಯೋಗ್ಯತೆಯೆಂದು ಹೇಳಬೇಕಾಗುವದು. ಬಲ್ಲವನು ಬಾರದವನಿಗೆ ಕಲಿಸಬೇಕು; ಬಾರದವನು ಬಲ್ಲವನನ್ನು ಆಲಿಸಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ದೋಷವು ಹಾಡಿನದಾಗಿ ಉಳಿಯದೆ ನಡತೆಯದಾಗುವದು.

ಈ ಒರೆಗಲ್ಲಿಗೆ ಮೇಳವನ್ನೇ ಹಚ್ಚಿ ನೋಡಿದರೆ ಅಹಿತವಾದ ಸತ್ಯವೊಂದು ಹೊರಬೀಳುವದು. ಎಷ್ಟೋ ಊರುಗಳಲ್ಲಿ ದೇವರ ಪಲ್ಲಕ್ಕಿಯ ಮುಂದೆ ಹಲಗೆಯ ನಾದವು ಬೇಕಾಗಿತ್ತು; ಹಲಗೆಯನ್ನು ಬಾರಿಸುವವನು ಮಾತ್ರ ಗುಡಿಯ ಹೊರಗೆ ನಿಲ್ಲಬೇಕಾಗಿತ್ತು. ಅವನ ಲಯದಲ್ಲಿ ತಪ್ಪಿರಲಿಲ್ಲ, ಕಿವಿಯಲ್ಲಿ ತಪ್ಪಿರಲಿಲ್ಲ. ಅವನ ಕೈಯ ನಾದವನ್ನು ಒಳಗೆ ಕರೆದು ಅವನನ್ನು ಹೊರಗೆ ನಿಲ್ಲಿಸಿದ ಊರು ಯಾವ ಸುಸ್ವರವನ್ನು ಹಾಡಿದರೂ ಅದು ಬೇಸೂರೇ ಆಗಿತ್ತು. ಸುಮಾರು ಒಂಬತ್ತು ಶತಮಾನಗಳ ಹಿಂದೆ ಇದೇ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ದೇಹವನ್ನೇ ವಾದ್ಯವನ್ನಾಗಿ ನುಡಿಸಿಕೊಳ್ಳೆಂದು ದೇವರನ್ನು ಬೇಡಿದರು. ದೇಹವೇ ವಾದ್ಯವಾದ ಮೇಲೆ ವಾದ್ಯವನ್ನು ಸ್ವೀಕರಿಸಿ ದೇಹವನ್ನು ದೂರವಿಡುವದೆಂತು? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಕಾಯಿದೆಯು ಬಾಗಿಲನ್ನು ತೆರೆಯಬಲ್ಲದು. ಜಮಖಾನೆಯ ಮೇಲೆ ಸರಿದು ಕುಳಿತು ಸ್ಥಳ ಕೊಡುವದು ಮಾತ್ರ ಕುಳಿತವರದೇ ಕೆಲಸ. ಈ ದೋಷವು ಒಂದೇ ನಾಡಿನದಲ್ಲ. ಎಸ್ಟೋನಿಯಾ ದೇಶದವರು 1869ರಲ್ಲಿ ತಾರ್ತು ಪಟ್ಟಣದಲ್ಲಿ ತಮ್ಮ ಮೊದಲ ಗಾನೋತ್ಸವವನ್ನು ನಡೆಸಿದಾಗ ಅಲ್ಲಿ ಹಾಡಿದವು ಗಂಡಸರ ಮೇಳಗಳು ಮಾತ್ರ. ಮುಂದೆ ಹೆಂಗಸರ ಧ್ವನಿಯೂ ಕೂಡಿದ ಮೇಲೆಯೇ ಅದು ನಿಜವಾಗಿ ಇಡಿಯ ಜನತೆಯ ಹಾಡಾಯಿತು.

ಇದಕ್ಕೆ ವಿರುದ್ಧವಾದ ಒಳ್ಳೆಯ ನಿದರ್ಶನವೂ ಇದೇ ಸೀಮೆಯಲ್ಲಿದೆ. ಮೊಹರಮ್ಮಿನ ದಿನಗಳಲ್ಲಿ ಇಲ್ಲಿಯ ಹಳ್ಳಿಗಳಲ್ಲಿ ರಿವಾಯತಿನ ಮೇಳಗಳು ಕನ್ನಡದಲ್ಲಿ ಹಸನ್ ಹುಸೇನರ ಕಥೆಯನ್ನು ಹಾಡುವವು. ಆ ಮೇಳಗಳಲ್ಲಿ ಮುಸಲ್ಮಾನರೂ ಹಿಂದುಗಳೂ ಕೂಡಿಯೇ ಇರುವರು. 680ರಲ್ಲಿ ಕರ್ಬಲೆಯ ಮರಳಿನಲ್ಲಿ, ಹತ್ತಿರದಲ್ಲಿಯೇ ನದಿ ಹರಿಯುತ್ತಿದ್ದರೂ, ನೀರಿಲ್ಲದೆ ಬಳಲಿದವರ ಕಥೆಯದು. ಅನ್ಯಧರ್ಮದವನ ದುಃಖವನ್ನು ಹಾಡುವವನು ಕಪಟಿಯೆಂದು ಕೆಲವರು ಹೇಳಬಹುದು. ಆದರೆ ಬಾಯಾರಿಕೆಯನ್ನು ಬಲ್ಲ ನಾಡಿಗೆ ಬಾಯಾರಿದವರ ಕಥೆಯು ಪರಕೀಯವಾಗುವದು ಹೇಗೆ? ನೆರೆಯವನ ಸ್ವರವನ್ನು ಆಲಿಸಲು ಕಲಿತ ಕಿವಿಯು ನೆರೆಯವನ ನೋವನ್ನೂ ಆಲಿಸುವದು. ಅದು ಅದೇ ಅಭ್ಯಾಸದ ಮುಂದಿನ ಹೆಜ್ಜೆ.

ಕೊನೆಯದಾಗಿ ಒಂದು ಆಕ್ಷೇಪ ಉಳಿಯುವದು: ನೀರಿಲ್ಲದ ನಾಡಿನಲ್ಲಿ ಹಾಡಿ ಫಲವೇನು? ಹಾಡಿನಿಂದ ಮಳೆ ಬಾರದು, ಬಾವಿ ತುಂಬದು. ಇದು ನಿಜ. ಕೃಷ್ಣೆಗೆ ಆಲಮಟ್ಟಿ ನಾರಾಯಣಪುರಗಳಲ್ಲಿ ಕಟ್ಟೆ ಕಟ್ಟಿದ್ದು ಗಣಿತವೂ ದುಡಿಮೆಯೂ ಹೊರತು ಭಜನೆಯಲ್ಲ. ಆದರೆ ಕಾಲುವೆಯು ಬಂದ ಮೇಲೆ ಹಳೆಯ ಪ್ರಶ್ನೆಯೇ ಹೊಸ ವೇಷದಿಂದ ಬಂದಿದೆ. ಕಾಲುವೆಯ ತಲೆಯಲ್ಲಿರುವವನು ತನ್ನ ಹೊಲಕ್ಕೆ ಬೇಕಾದುದಕ್ಕಿಂತ ಹೆಚ್ಚು ನೀರನ್ನು ಬಿಟ್ಟುಕೊಂಡರೆ ತುದಿಯಲ್ಲಿರುವವನ ಹೊಲವು ಒಣಗುವದು. ತನ್ನ ಧ್ವನಿಯೊಂದೇ ಕೇಳಿಸಬೇಕೆನ್ನುವ ಹಾಡುಗಾರನಿಗೂ ಈ ರೈತನಿಗೂ ಭೇದವೇನು? ಇಬ್ಬರಿಗೂ ಇಲ್ಲದ್ದು ಒಂದೇ: ತುದಿಯಲ್ಲಿ ಕುಳಿತವನ ಕಡೆಗೆ ಕಿವಿ.

ರಾತ್ರಿ ಎರಡು ತಾಸು ತನ್ನ ಧ್ವನಿಯನ್ನು ತಗ್ಗಿಸಿ ನೆರೆಯವನನ್ನು ಕೇಳಿದವನು ಬೆಳಗಾದೊಡನೆ ಧರ್ಮಾತ್ಮನಾಗುವನೆಂದು ಹೇಳಲಾಗದು. ಭಜನೆಯಿಂದೆದ್ದು ಹೋಗಿ ನೆರೆಯವನ ಬದುವನ್ನು ಒತ್ತಿದವರೂ ಉಂಟು. ಆದರೆ ಅಭ್ಯಾಸವಿಲ್ಲದೆ ಯಾವ ಗುಣವೂ ಬೆಳೆಯದು. ಕೇಳುವ ಗುಣಕ್ಕೆ ಮೇಳವು ಅಗ್ಗವಾದ, ಎಲ್ಲರಿಗೂ ನಿಲುಕುವ ಅಭ್ಯಾಸವಾಗಿದೆ. ಆದುದರಿಂದ ಜಮಖಾನೆಯ ತುದಿಗೆ ಬಂದು ಕುಳಿತ ಬೇಸೂರಿನವನನ್ನು ಎಬ್ಬಿಸಬೇಕಾಗಿಲ್ಲ. ಅವನ ಕೈಗೊಂದು ಜೋಡಿ ತಾಳವನ್ನು ಕೊಟ್ಟು, ಪೇಟಿಯ ಹತ್ತಿರಕ್ಕೆ ಸರಿದು ಕೂಡೆಂದು ಹೇಳಿದರೆ ಸಾಕು.