ವಿಹಾರಕ್ಕೂ ಬಾಗಿಲಿದೆ

ಗುಡಿಯೊಳಕ್ಕೆ ಬಿಡದವರು ತಾವೇ ಇನ್ನೊಂದು ಗುಡಿ ಕಟ್ಟಿಕೊಂಡರೆ ಅದು ಬಿಡುಗಡೆಯೋ, ಹಳೇ ಹಗ್ಗಕ್ಕೆ ಬಿದ್ದ ಹೊಸ ಗಂಟೋ?

ಉತ್ತರಕ್ಕೆ ದೂರ ಹೋಗೋದು ಬೇಡ. ನಮ್ಮ ಕೋಲಾರದ ಚಿನ್ನದ ಗಣಿ ಪಟ್ಟಣಕ್ಕೇ ಹೋಗೋಣ. 1880ರ ದಶಕದಲ್ಲಿ ಇಂಗ್ಲಿಷ್ ಕಂಪನಿ ಅಲ್ಲಿ ಗಣಿ ನಡೆಸತೊಡಗಿದ ಮೇಲೆ ನೆಲದ ಕೆಳಗಿಳಿದು ದುಡಿದವರಲ್ಲಿ ಬಹಳ ಜನ ತಮಿಳು ಸೀಮೆಯ ಪರೆಯರು, ನಮ್ಮ ಹೊಲಗೇರಿಯವರಂಥವರೇ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು ಅಂತ ಮಕ್ಕಳಿಗೆ ಪಾಠ ಮಾಡ್ತೀವಿ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಅಲ್ಲಿಗೆ ಬುದ್ಧನೂ ಬಂದ ಅಂತ ಹೇಳೋದು ಮರೀತೀವಿ.

ಬುದ್ಧ ಬಂದದ್ದು ಮದರಾಸಿನ ದಾರಿಯಿಂದ. ಪರೆಯರಲ್ಲಿ ಹುಟ್ಟಿ ಸಿದ್ಧವೈದ್ಯರಾಗಿದ್ದ ಅಯೋತಿದಾಸ ಪಂಡಿತರು 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧರಾದರು. ಬಂದು ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ವಾರಪತ್ರಿಕೆ ತೆಗೆದರು. ಹೆಸರು 'ಒರು ಪೈಸಾ ತಮಿಳನ್', ಬೆಲೆಯೂ ಅಷ್ಟೇ, ಒಂದು ಪೈಸೆ. ಗಣಿಯ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲೂ ಸಂಘದ ಶಾಖೆಗಳು ಎದ್ದವು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡ 1956ಕ್ಕಿಂತ ಸುಮಾರು ಅರ್ಧ ಶತಮಾನ ಮೊದಲಿನ ಮಾತು ಇದು.

ಆ ವಿಹಾರಗಳಲ್ಲಿ ವರ ಕೊಡುವ ದೇವರಿರಲಿಲ್ಲ. ಗಣಿಯಿಂದ ಮೇಲೆ ಬಂದವನು ಅಲ್ಲಿ ಕೂತು ಭಾಷಣ ಕೇಳಿದ, ಪತ್ರಿಕೆ ಓದಿಸಿಕೊಂಡ, ವಾದ ಮಾಡಿದ. ಮದುವೆಗೂ ಸಾವಿಗೂ ಪುರೋಹಿತನ ಹಂಗು ತಪ್ಪಿತು. ಪಂಡಿತರು ತೀರಿಕೊಂಡದ್ದು 1914ರಲ್ಲಿ. ಆಮೇಲೆ ನಿಂತುಹೋಗಿದ್ದ ಪತ್ರಿಕೆಯನ್ನು 1926ರಲ್ಲಿ ಜಿ. ಅಪ್ಪಾದುರೈಯಾರ್ ಈ ಗಣಿ ಪಟ್ಟಣದಿಂದಲೇ ಮತ್ತೆ ಹೊರಡಿಸಿದರು. ಪರರಿಗೆ ಚಿನ್ನ ಅಗೆದುಕೊಟ್ಟವರು ತಮಗೆ ಅಂತ ಅಕ್ಷರ ಅಗೆದುಕೊಂಡರು. ಇದು ಬಿಡುಗಡೆಯಲ್ಲದೆ ಮತ್ತೇನು?

ಆದರೆ ಗಂಟಿನ ಮಾತೂ ಉಂಟು, ಮುಚ್ಚಿಡಬಾರದು. ನಮ್ಮವರೇ ಈ ನೆಲದ ಮೂಲ ಬೌದ್ಧರು, ಅದಕ್ಕೇ ನಮ್ಮನ್ನು ತುಳಿದರು ಅಂತ ಪಂಡಿತರು ವಾದಿಸಿದರು. ತಲೆ ತಗ್ಗಿಸಿದ್ದವರು ತಲೆ ಎತ್ತಿದರು. ಅದೇ ಪಂಡಿತರ ಬರಹದಲ್ಲಿ ಮಲ ಬಾಚುವವರನ್ನೂ ಚರ್ಮದ ಕೆಲಸದವರನ್ನೂ ತಮ್ಮವರಿಂದ ಬೇರೆ ಮಾಡಿ, ಕೆಳಗಿಟ್ಟು ನೋಡುವ ಮಾತುಗಳೂ ಇವೆ. ಬುದ್ಧನ ಹೆಸರು ಹೇಳುತ್ತಲೇ ಏಣಿಗೆ ಇನ್ನೊಂದು ಮೆಟ್ಟಿಲು! ಅವರನ್ನು ಬೈದು ಕೈ ತೊಳೆದುಕೊಳ್ಳೋದು ಸುಲಭ. ನಮ್ಮ ಹೊಲಗೇರಿ, ಮಾದಿಗರ ಕೇರಿಗಳ ನಡುವೆ ಇವತ್ತಿಗೂ ಊಟ, ಹೆಣ್ಣು ಕೊಡೋದು ತರೋದು ಎಷ್ಟು ನಡೆದಿದೆ ಅಂತ ನಾವೇ ಎದೆ ಮುಟ್ಟಿಕೊಂಡು ಹೇಳಬೇಕು.

ಗಣಿ 2001ರಲ್ಲಿ ಮುಚ್ಚಿತು. ಪ್ರಶ್ನೆ ಮುಚ್ಚಿಲ್ಲ. ಊರೂರಲ್ಲಿ ಬುದ್ಧನ ಮೂರ್ತಿ ನಿಲ್ಲುತ್ತಿದೆ, ನಿಲ್ಲಲಿ. ಆದರೆ ಮೂರ್ತಿ ಎಷ್ಟು ಎತ್ತರ ಅನ್ನೋದಲ್ಲ ಲೆಕ್ಕ. ಅದರ ಮುಂದೆ ಓದುವವರು ಇದ್ದಾರಾ, ಎದುರು ಮಾತಾಡಲು ಬಿಡುತ್ತಾರಾ, ನಮಗಿಂತ ಕೆಳಗೆ ಅಂತ ನಾವು ಅಂದುಕೊಂಡವನು ಒಳಗೆ ಬಂದು ನಮ್ಮ ಸಾಲಲ್ಲೇ ಕೂತನಾ? ಕೂತರೆ ಅದು ವಿಹಾರ. ಅವನು ಹೊಸಿಲಾಚೆ ನಿಂತಿದ್ದರೆ, ಒಳಗೆ ಬುದ್ಧನೇ ಇರಲಿ, ಅದು ಹಳೇ ಗುಡಿಯೇ.